ಕಾರ್ಖಾನೆಗೆ ಇನ್ನೊಂದು ಕಿಲೋಮೀಟರ್

ಸೈಕಲ್ ತುಳಿದು ಕಾರ್ಖಾನೆಗೆ ಹೋಗುವ ಕಾರ್ಮಿಕನು ದಾರಿಯಲ್ಲಿ ಬಿದ್ದರೆ ಹೊಣೆ ಯಾರದು? ಈ ಸಣ್ಣ ಪ್ರಶ್ನೆಗೆ ನಮ್ಮ ದೇಶದಲ್ಲಿ ಅಂತಿಮ ಉತ್ತರ ದೊರೆಯಲು ಇಪ್ಪತ್ತೈದು ವರ್ಷಗಳು ಹಿಡಿದವೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಆಶ್ಚರ್ಯಪಟ್ಟಾರು.

ಮುಂದಿನ ಚಕ್ರವೇ ಆಳೆತ್ತರವಿದ್ದ ಹಿಂದಿನ ಸೈಕಲ್ಲಿನಿಂದ ಮುಗ್ಗರಿಸಿ ತಲೆ ಒಡೆದುಕೊಳ್ಳುವುದು ಸಾಮಾನ್ಯವಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಹೊರತಂದ ‘ರೋವರ್’ ಸೈಕಲ್ಲಿನಲ್ಲಿ ಚಕ್ರಗಳೆರಡೂ ಹೆಚ್ಚುಕಡಿಮೆ ಸಮ, ಹಿಂದಿನದಕ್ಕೆ ಚೈನು. ಆ ಮಾದರಿಗೆ ‘ಸೇಫ್ಟಿ ಬೈಸಿಕಲ್’ ಎಂದೇ ಹೆಸರಾಯಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟನು. ಸಿರಿವಂತ ತರುಣರ ಆಟದ ವಸ್ತು ಕ್ರಮೇಣ ದುಡಿಯುವವರ ವಾಹನವಾಯಿತು. ಸೈಕಲ್ಲೇನೋ ಸುರಕ್ಷಿತವಾಯಿತು, ರಸ್ತೆಯ ಮಾತು ಬೇರೆ.

1971ರ ಜೂನ್ 26ರಂದು ಕೇರಳದ ಕೊರಟ್ಟಿಯಲ್ಲಿ ಕಾರ್ಮಿಕನೊಬ್ಬನು ಪಾಳಿಗೆ ಹೊರಟಿದ್ದನು. ಕೆಲಸ ಆರಂಭವಾಗುವುದು ಸಂಜೆ ನಾಲ್ಕೂವರೆಗೆ. ನಾಲ್ಕೂಕಾಲರ ಹೊತ್ತಿಗೆ, ಕಾರ್ಖಾನೆ ಇನ್ನು ಒಂದು ಕಿಲೋಮೀಟರ್ ದೂರವಿರುವಾಗ, ಲಾರಿಯೊಂದು ಅವನ ಸೈಕಲ್ಲಿಗೆ ಡಿಕ್ಕಿ ಹೊಡೆಯಿತು. ಕೊರಳೆಲುಬು ಮುರಿಯಿತು. ಲಾರಿ ಅವನದೇ ಕಾರ್ಖಾನೆಯದು!

ಇ.ಎಸ್.ಐ. ಎಂದು ನಾವೆಲ್ಲ ಕರೆಯುವ 1948ರ ಕಾಯಿದೆಯಂತೆ ಪರಿಹಾರ ಸಿಗಬೇಕಾದರೆ ಗಾಯವು ಉದ್ಯೋಗದ ಕಾರಣದಿಂದಲೂ ಉದ್ಯೋಗದ ಅವಧಿಯಲ್ಲಿಯೂ ಆಗಿರಬೇಕಿತ್ತು. ವಿಮಾ ನ್ಯಾಯಾಲಯವೂ ಕೇರಳ ಹೈಕೋರ್ಟೂ ಕಾರ್ಮಿಕನ ಪರವಾಗಿ ನಿಂತವು. 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸಾರ್ವಜನಿಕ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿರುವುದು ಕೆಲಸ ಮಾಡಿದಂತಲ್ಲ, ಉದ್ಯೋಗ ಆಗಿನ್ನೂ ಆರಂಭವಾಗಿರಲಿಲ್ಲ ಎಂಬುದು ತೀರ್ಪಿನ ಸಾರ.

ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ಮನಸ್ಸು ಒಪ್ಪದು. ಮಾಲೀಕರು ಏರ್ಪಡಿಸಿದ ವಾಹನದಲ್ಲಿ ಬರುವವನಿಗೆ 1966ರ ತಿದ್ದುಪಡಿಯೇ ರಕ್ಷಣೆ ನೀಡಿತ್ತು. ಅದೇ ರಸ್ತೆ, ಅದೇ ಪಾಳಿ. ಬಸ್ಸಿನಲ್ಲಿ ಕುಳಿತವನು ಕಾಯಿದೆಯ ಒಳಗೆ, ಬೆವರು ಸುರಿಸಿ ಪೆಡಲ್ ತುಳಿಯುವವನು ಹೊರಗೆ. ಸ್ವಂತ ಸೈಕಲ್ಲಿನಲ್ಲಿ ಬಂದದ್ದೇ ಅವನ ಪಾಲಿಗೆ ಎರವಾಯಿತೆನ್ನಬೇಕು. ನಿಮ್ಮಲ್ಲಿ ಎಷ್ಟು ಜನರ ತಂದೆಯವರು ಬುತ್ತಿಯ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಹಾಗೆ ಹೋಗುತ್ತಿದ್ದರೆಂಬುದನ್ನು ನಾನು ಬಲ್ಲೆ.

ಸಂಸತ್ತು 2010ರಲ್ಲಿ ಕಾಯಿದೆಗೆ ಹೊಸ ಕಲಮನ್ನು ಸೇರಿಸಿತು. ಮನೆಗೂ ಕೆಲಸದ ಸ್ಥಳಕ್ಕೂ ನಡುವೆ ನಡೆದ ಅಪಘಾತವು, ಅದರ ಸಂದರ್ಭ, ಕಾಲ, ಸ್ಥಳಗಳಿಗೆ ಉದ್ಯೋಗದೊಡನೆ ಸಂಬಂಧ ಸಿದ್ಧವಾದರೆ, ಉದ್ಯೋಗದಲ್ಲಿಯೇ ಆದದ್ದೆಂದು ಪರಿಗಣಿತವಾಯಿತು. ಅಷ್ಟರಲ್ಲಿ ಕೊರಟ್ಟಿಯ ಅಪಘಾತ ನಡೆದು ಮೂವತ್ತೊಂಬತ್ತು ವರ್ಷಗಳಾಗಿದ್ದವು.