ಜಾಮಿಯಾ ಮಿಲ್ಲಿಯಾದ ಬರಗಾಲದ ದಿನಗಳು

ನಮ್ಮ ಸಂಘ ಸಂಸ್ಥೆಗಳ ವಾರ್ಷಿಕ ಮಹಾಸಭೆಯಲ್ಲಿ ತಾವು ಕುಳಿತವರಾದರೆ ಒಂದು ದೃಶ್ಯ ತಮಗೆ ಪರಿಚಿತವೇ ಆಗಿರುತ್ತದೆ. ಕಾರ್ಯದರ್ಶಿಗಳು ವರದಿ ಓದಿ ಮುಗಿಸುವವರೆಗೆ ಎಲ್ಲರ ಮುಖದಲ್ಲಿ ಗೆಲುವು. ಖಜಾಂಚಿಯವರು ಲೆಕ್ಕಪತ್ರ ಹಿಡಿದು ಎದ್ದು ನಿಂತೊಡನೆ ಸಭೆ ಮೌನ. ಕಳೆದ ವರ್ಷ ಕೊಟ್ಟವರು ಈ ವರ್ಷ ಕೊಟ್ಟಿಲ್ಲ. ರಮಝಾನಿನ ಸಂಗ್ರಹ ಕಡಿಮೆಯಾಗಿದೆ. ಶುಲ್ಕ ಬಾಕಿ ಉಳಿದಿದೆ. ಅಧ್ಯಾಪಕರ ಸಂಬಳಕ್ಕೆ ಏನು ಮಾಡುವುದು? 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಅನುದಾನರಹಿತ ಶಾಲೆಗಳನ್ನು ನಡೆಸುವವರೆಲ್ಲರೂ ಈ ಪ್ರಶ್ನೆಯನ್ನು ತಿಂಗಳು ತಿಂಗಳು ಎದುರಿಸಿದರು. ಅಂಥ ಒಂದು ಸಭೆಯಲ್ಲಿ ಹಿರಿಯರೊಬ್ಬರು, "ಹೀಗೆ ಎಳೆದಾಡುವುದಕ್ಕಿಂತ ಗೌರವದಿಂದ ಮುಚ್ಚಿಬಿಡುವುದೇ ಲೇಸು" ಎಂದದ್ದನ್ನು ಈ ಲೇಖಕನೂ ಕೇಳಿದ್ದಾನೆ. ಅವರ ಮಾತು ಕೇಳಿದಾಗ ನನಗೆ ನೆನಪಾದದ್ದು 1925ರ ಆಲಿಘರ್. ಅಲ್ಲಿಯೂ ಇದೇ ಮಾತು ಬಂದಿತ್ತು. ಮುಚ್ಚಬೇಕೆಂದು ಹೇಳಲಾಗಿದ್ದ ಸಂಸ್ಥೆಯ ಹೆಸರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ.

ಜಾಮಿಯಾ ಹುಟ್ಟಿದ್ದು ಅಸಹಕಾರ ಮತ್ತು ಖಿಲಾಫತ್ ಚಳವಳಿಗಳ ಭರಾಟೆಯಲ್ಲಿ, 1920ರ ಅಕ್ಟೋಬರ್ 29ರಂದು. ಆಲಿಘರ್‌ನ ಎಂ.ಎ.ಓ. ಕಾಲೇಜು ಬ್ರಿಟಿಷ್ ಸರಕಾರದ ಅನುದಾನವನ್ನು ತಿರಸ್ಕರಿಸಬೇಕೆಂದು ಗಾಂಧೀಜಿ ಹಾಗೂ ಅಲಿ ಸಹೋದರರು ಕರೆ ಕೊಟ್ಟರು. ಕಾಲೇಜಿನ ಆಡಳಿತ ಒಪ್ಪಲಿಲ್ಲ. ಒಪ್ಪಿದ ವಿದ್ಯಾರ್ಥಿಗಳೂ ಅಧ್ಯಾಪಕರೂ ಹೊರಬಂದರು. ಮಾಲ್ಟಾದ ಸೆರೆವಾಸದಿಂದ ಬಿಡುಗಡೆಯಾಗಿ ಬಂದಿದ್ದ ಶೈಖುಲ್ ಹಿಂದ್ ಮೌಲಾನಾ ಮಹಮೂದ್ ಹಸನ್ ಅವರು ತೀವ್ರ ಅನಾರೋಗ್ಯದಲ್ಲಿಯೇ ಬಂದು ಸಂಸ್ಥೆಗೆ ಚಾಲನೆ ನೀಡಿದರು. ಮರುತಿಂಗಳೇ ಅವರು ಕಾಲವಾದರು. ಹಕೀಂ ಅಜ್ಮಲ್ ಖಾನ್ ಕುಲಾಧಿಪತಿಗಳಾದರು, ಮೌಲಾನಾ ಮುಹಮ್ಮದ್ ಅಲಿ ಜೌಹರ್ ಕುಲಪತಿಗಳಾದರು. ತರಗತಿಗಳು ನಡೆದದ್ದು ಡೇರೆಗಳಲ್ಲಿ.

ಆರಂಭದ ಆ ದಿನಗಳಲ್ಲಿ ಹಣದ ಚಿಂತೆ ಅಷ್ಟಾಗಿ ಕಾಡಲಿಲ್ಲ. ಖಿಲಾಫತ್ ಸಮಿತಿಯ ನಿಧಿ ಬೆನ್ನ ಹಿಂದಿತ್ತು. ದೇಶದ ಮೂಲೆ ಮೂಲೆಯಿಂದ ಜನರು ಆ ನಿಧಿಗೆ ಕೊಡುತ್ತಿದ್ದರು. ಆದರೆ ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಜನರು ಕೊಡುತ್ತಿದ್ದುದು ಖಿಲಾಫತ್ತಿಗಾಗಿ, ಶಾಲೆಗಾಗಿ ಅಲ್ಲ. 1922ರ ಫೆಬ್ರವರಿಯಲ್ಲಿ ಚೌರಿಚೌರಾ ಘಟನೆಯ ನಂತರ ಅಸಹಕಾರ ಚಳವಳಿ ನಿಂತಿತು. 1924ರ ಮಾರ್ಚ್‌ನಲ್ಲಿ ತುರ್ಕಿಯ ರಾಷ್ಟ್ರೀಯ ಸಭೆ ಖಿಲಾಫತ್ತನ್ನೇ ರದ್ದುಪಡಿಸಿತು. ಯಾವುದನ್ನು ಉಳಿಸಲು ಹಣ ಸಂಗ್ರಹವಾಗುತ್ತಿತ್ತೋ ಅದೇ ಇಲ್ಲವಾದ ಮೇಲೆ ಕೊಡುವವರಾರು? ಸರಕಾರದ ಅನುದಾನವನ್ನು ಬೇಡವೆಂದು ಹುಟ್ಟಿದ ಸಂಸ್ಥೆ ಮತ್ತೆ ಸರಕಾರದ ಬಾಗಿಲಿಗೆ ಹೋಗುವಂತಿಲ್ಲ. ಅದರ ಪದವಿಗೆ ಸರಕಾರದ ಮಾನ್ಯತೆ ಇಲ್ಲದ್ದರಿಂದ ಅಲ್ಲಿ ಕಲಿತವರಿಗೆ ಸರಕಾರಿ ನೌಕರಿ ಸಿಗುವಂತಿರಲಿಲ್ಲ. ಆದ್ದರಿಂದ ಶುಲ್ಕ ಕೊಟ್ಟು ಮಕ್ಕಳನ್ನು ಕಳುಹಿಸುವ ಅನುಕೂಲಸ್ಥ ಪೋಷಕರೂ ಕಡಿಮೆ. ಮೂರು ದಾರಿಗಳೂ ಒಟ್ಟಿಗೆ ಮುಚ್ಚಿದಂತಾಯಿತು.

ಮುಚ್ಚಿಬಿಡೋಣ ಎಂಬ ಮಾತು ಬಂದದ್ದು ಆಗ. ಹಾಗೆಂದವರು ಸಂಸ್ಥೆಯ ಶತ್ರುಗಳೇನೂ ಆಗಿರಲಿಲ್ಲ. ಲೆಕ್ಕ ನೋಡಿದವರು ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಆದರೆ ಹಕೀಂ ಸಾಹೇಬರು ಒಪ್ಪಲಿಲ್ಲ, ಡಾ. ಎಂ.ಎ. ಅನ್ಸಾರಿಯವರು ಒಪ್ಪಲಿಲ್ಲ. ಜಾಮಿಯಾ ನಡೆಯಲೇಬೇಕು, ಹಣದ ತೊಂದರೆಯಾದರೆ ತಾವೇ ಭಿಕ್ಷಾಪಾತ್ರೆ ಹಿಡಿದು ಹೊರಡಲು ಸಿದ್ಧ ಎಂಬ ಅರ್ಥದ ಮಾತನ್ನು ಗಾಂಧೀಜಿ ಹೇಳಿದರು. 1925ರಲ್ಲಿ ಸಂಸ್ಥೆಯನ್ನು ಆಲಿಘರ್‌ನಿಂದ ದೆಹಲಿಯ ಕರೋಲ್‌ಬಾಗ್‌ಗೆ ಸ್ಥಳಾಂತರಿಸಲಾಯಿತು. ಹಕೀಂ ಸಾಹೇಬರ ತಿಬ್ಬಿಯಾ ಕಾಲೇಜೂ ಅಲ್ಲಿಯೇ ಇತ್ತು. ಅಂದಿನಿಂದ ಜಾಮಿಯಾದ ಖರ್ಚಿನ ಬಹುಪಾಲು ಅವರ ಸ್ವಂತ ಜೇಬಿನಿಂದಲೂ ಅವರ ಪರಿಚಯದ ಬಲದಿಂದಲೂ ನಡೆಯಿತು. ಯುನಾನಿ ವೈದ್ಯರಾಗಿ ನವಾಬರಿಂದ ಪಡೆದ ಶುಲ್ಕ ಬಡ ಮಕ್ಕಳ ಶಾಲೆಗೆ ಹರಿದು ಬರುತ್ತಿತ್ತು.

ಇದೇ ಹೊತ್ತಿನಲ್ಲಿ ಬರ್ಲಿನ್ ನಗರದಲ್ಲಿ ಮೂವರು ಭಾರತೀಯ ತರುಣರು ಓದುತ್ತಿದ್ದರು. ಝಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್. 1920ರಲ್ಲಿ ಆಲಿಘರ್ ಕಾಲೇಜನ್ನು ಬಿಟ್ಟು ಹೊರಬಂದವರ ಪೈಕಿ ಝಾಕಿರ್ ಸಾಹೇಬರೂ ಒಬ್ಬರು. ಜಾಮಿಯಾ ಮುಚ್ಚುವ ಸುದ್ದಿ ಕೇಳಿ, ತಾನೂ ತನ್ನ ಕೆಲವು ಗೆಳೆಯರೂ ಅದಕ್ಕಾಗಿ ಬಾಳನ್ನು ಕೊಡಲು ಸಿದ್ಧರಿದ್ದೇವೆ, ನಾವು ಬರುವ ತನಕ ಮುಚ್ಚಬೇಡಿ ಎಂದು ಅವರು ತಿಳಿಸಿದರು. ಅವರು ಓದಿದ್ದು ಅರ್ಥಶಾಸ್ತ್ರ. ಬರ್ಲಿನ್ನಿನಲ್ಲಿದ್ದಾಗ ಅಚ್ಚುಕೂಟದಲ್ಲಿ ಕುಳಿತು ಸ್ವತಃ ಮೊಳೆ ಜೋಡಿಸಿ ಗಾಲಿಬನ ದೀವಾನನ್ನು ಅಂದವಾಗಿ ಮುದ್ರಿಸಿದವರೂ ಹೌದು. ಡಾಕ್ಟರೇಟ್ ಪಡೆದವರೊಬ್ಬರು ಅಚ್ಚುಕೂಟದ ಮಸಿ ಕೈಗೆ ಹಚ್ಚಿಕೊಂಡದ್ದು ನನಗೆ ಅವರ ಪದವಿಗಿಂತ ದೊಡ್ಡದಾಗಿ ಕಾಣುತ್ತದೆ. 1926ರ ಫೆಬ್ರವರಿಯಲ್ಲಿ ಮೂವರೂ ಮರಳಿದರು. ಇಪ್ಪತ್ತೊಂಬತ್ತರ ಹರೆಯದ ಝಾಕಿರ್ ಹುಸೇನರು ಕುಲಪತಿಯಾದರು.

ಎರಡು ವರ್ಷ ತುಂಬುವುದರೊಳಗೆ, 1927ರ ಡಿಸೆಂಬರಿನಲ್ಲಿ, ಹಕೀಂ ಅಜ್ಮಲ್ ಖಾನರು ನಿಧನರಾದರು. ಖಿಲಾಫತ್ ನಿಧಿ ಹೋದಾಗ ಹಕೀಂ ಸಾಹೇಬರಿದ್ದರು. ಈಗ ಅವರೂ ಇಲ್ಲ. ಒಬ್ಬ ಮಹಾದಾನಿಯನ್ನು ನಂಬಿ ನಿಂತ ಸಂಸ್ಥೆಗೆ ಆ ದಾನಿಯ ಮರಣದ ಮರುದಿನ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಗಳಲ್ಲಿಯೂ ನಾವು ನೋಡಿಲ್ಲವೇ?

1928ರಲ್ಲಿ ಜಾಮಿಯಾದಲ್ಲಿ ನಡೆದದ್ದು ನನ್ನ ಅಭಿಪ್ರಾಯದಲ್ಲಿ ಅದರ ಎರಡನೇ ಹುಟ್ಟು. ಅಲ್ಲಿಯವರೆಗೆ ಆಡಳಿತವಿದ್ದುದು ರಾಜಕೀಯ ನಾಯಕರು ತುಂಬಿದ್ದ ಸಮಿತಿಯ ಕೈಯಲ್ಲಿ. ಅವರೆಲ್ಲ ದೊಡ್ಡವರು, ಆದರೆ ಚಳವಳಿ, ಸೆರೆಮನೆ, ಸಮ್ಮೇಳನಗಳ ನಡುವೆ ಅವರಿಗೆ ಶಾಲೆಯ ಅಕ್ಕಿ ಬೇಳೆಯ ಲೆಕ್ಕ ನೋಡಲು ಬಿಡುವಿರಲಿಲ್ಲ. ಈಗ ಅಧ್ಯಾಪಕರೇ ಹೊಣೆ ಹೊತ್ತರು. ಝಾಕಿರ್ ಸಾಹೇಬರನ್ನು ಮುಂದಿಟ್ಟುಕೊಂಡು ಹನ್ನೊಂದು ಮಂದಿ ಒಂದು ಪ್ರತಿಜ್ಞೆ ಮಾಡಿದರು: ಇಪ್ಪತ್ತು ವರ್ಷ ಜಾಮಿಯಾದ ಸೇವೆ ಮಾಡುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವುದಿಲ್ಲ. ಜರ್ಮನಿ, ಆಕ್ಸ್‌ಫರ್ಡ್‌ಗಳಲ್ಲಿ ಕಲಿತವರು ಹೊರಗೆ ಇದರ ಹಲವು ಪಟ್ಟು ದುಡಿಯಬಹುದಾಗಿತ್ತು. ಪತ್ರದ ಮೇಲಿದ್ದ 150 ಕೂಡ ಕೈಗೆ ಪೂರ್ತಿ ಬರುತ್ತಿರಲಿಲ್ಲ; ಎಷ್ಟೋ ಸಲ ತಿಂಗಳುಗಟ್ಟಲೆ ಸಂಬಳವೇ ಇಲ್ಲ.

ಈ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ಸುಲಭ. ನಮ್ಮ ವೇದಿಕೆಗಳಲ್ಲಿ ಹಾಗೆಯೇ ಆಗುತ್ತದೆ, ಅದರಲ್ಲೂ ಅಧ್ಯಾಪಕರಿಗೆ ಸಂಬಳ ಹೆಚ್ಚಿಸಲು ಮನಸ್ಸಿಲ್ಲದ ಆಡಳಿತ ಮಂಡಳಿಗಳ ವೇದಿಕೆಯಲ್ಲಿ! ಜಾಮಿಯಾದಲ್ಲಿ ಯಾರೂ ಇನ್ನೊಬ್ಬರಿಂದ ತ್ಯಾಗ ಬೇಡಲಿಲ್ಲ; ಸಹಿ ಹಾಕಿದವರು ಸ್ವತಃ ಆಡಳಿತ ನಡೆಸುವವರು. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಸಹಿ ಹಾಕಿದವರು ಹನ್ನೊಂದು ಮಂದಿ ಗಂಡಸರು. ತಿಂಗಳ ಕೊನೆಗೆ ಖಾಲಿ ಡಬ್ಬಗಳನ್ನು ನೋಡಿಕೊಂಡು ಮಕ್ಕಳಿಗೆ ಉಣಬಡಿಸಿದವರು ಸಹಿ ಹಾಕದ ಅವರ ಮಡದಿಯರು. ಚರಿತ್ರೆಯಲ್ಲಿ ಅವರ ಹೆಸರುಗಳನ್ನು ಹುಡುಕಬೇಕಾಗಿದೆ.

ಪ್ರತಿಜ್ಞೆಯಿಂದ ಖರ್ಚು ತಗ್ಗಿತೇ ಹೊರತು ಆದಾಯ ಬರಲಿಲ್ಲ. ಅದಕ್ಕಾಗಿ 'ಹಮ್‌ದರ್ದಾನೆ ಜಾಮಿಯಾ' ಎಂಬ ಏರ್ಪಾಡು ಬಂತು, ಎಂದರೆ ಜಾಮಿಯಾದ ಹಿತೈಷಿಗಳ ಬಳಗ. ಶಫೀಕುರ್ರಹಮಾನ್ ಕಿದ್ವಾಯಿಯವರು ಇದನ್ನು ಕಟ್ಟಿದರು. ನವಾಬರೊಬ್ಬರ ಸಾವಿರಕ್ಕೆ ಕಾಯುವ ಬದಲು ಸಾಮಾನ್ಯ ಜನರಿಂದ ಸಣ್ಣ ಸಣ್ಣ ಮೊತ್ತವನ್ನು ನಿಯಮಿತವಾಗಿ ಪಡೆಯುವುದು ಇದರ ಉದ್ದೇಶ. 1929ರ ನಂತರ ಜಗತ್ತನ್ನೆಲ್ಲ ಆರ್ಥಿಕ ಕುಸಿತ ಆವರಿಸಿದಾಗ ದವಸ ಧಾನ್ಯದ ಬೆಲೆ ಬಿದ್ದು ಜಮೀನ್ದಾರರ ಕೈಯೇ ಬರಿದಾಯಿತು. ಆ ಕಾಲದಲ್ಲಿ ಒಬ್ಬಿಬ್ಬರು ಧನಿಕರನ್ನೇ ನೆಚ್ಚಿಕೊಂಡಿದ್ದರೆ ಸಂಸ್ಥೆಯ ಗತಿ ಏನಾಗುತ್ತಿತ್ತೆಂದು ಊಹಿಸಬಹುದು. ಕೊಡುವವನ ಹಣ ಚಿಕ್ಕದಾದರೂ ಅವನು ಸಂಸ್ಥೆಯ ಸುದ್ದಿ ಕೇಳುತ್ತಾನೆ, ಮಗನನ್ನು ಕಳುಹಿಸುತ್ತಾನೆ, ನೆರೆಯವನಿಗೆ ಹೇಳುತ್ತಾನೆ. ಇದರೊಂದಿಗೆ 'ಮಕ್ತಬಾ ಜಾಮಿಯಾ' ಪ್ರಕಾಶನವೂ ಬೆಳೆಯಿತು. ಉರ್ದುವಿನಲ್ಲಿ ಒಳ್ಳೆಯ ಪುಸ್ತಕಗಳು, ಮಕ್ಕಳಿಗಾಗಿ 'ಪಯಾಮೆ ತಾಲೀಮ್' ಪತ್ರಿಕೆ ಬಂದವು. ಜಾಮಿಯಾವನ್ನು ಕಾಣದ ಮನೆಗಳಿಗೂ ಅದರ ಹೆಸರು ಪುಸ್ತಕದ ಮೂಲಕ ಮುಟ್ಟಿತು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂದಾಗ ಇನ್ನೊಂದು ಪರೀಕ್ಷೆ. ಚಳವಳಿಯ ಕೂಸೇ ಆದ ಜಾಮಿಯಾ ಸುಮ್ಮನಿರುವುದು ಹೇಗೆ? ವ್ಯಕ್ತಿಗಳು ಹೋಗಬಹುದು, ಸಂಸ್ಥೆ ಹೋಗದು ಎಂಬುದು ಝಾಕಿರ್ ಸಾಹೇಬರ ನಿಲುವಾಗಿತ್ತು. ಕಿದ್ವಾಯಿಯವರು ಸೆರೆಮನೆಗೆ ಹೋದರು, ತರಗತಿಗಳು ನಿಲ್ಲಲಿಲ್ಲ. ಆಗ ಹಲವರಿಗೆ ಇದು ಅಳುಕಾಗಿ ಕಂಡಿರಬಹುದು. ಆದರೆ ಒಮ್ಮೆ ಚಳವಳಿಯ ಜೊತೆಗೇ ಮುಳುಗುವುದರಲ್ಲಿದ್ದ ಸಂಸ್ಥೆಗೆ ಆ ಪಾಠ ಮರೆಯುವಂಥದ್ದಾಗಿರಲಿಲ್ಲ.

ಹಣವಿಲ್ಲದ ಆ ವರ್ಷಗಳಲ್ಲಿಯೇ ಯಮುನೆಯ ದಡದ ಓಖ್ಲಾದಲ್ಲಿ ಜಮೀನು ಕೊಂಡರು. 1935ರ ಮಾರ್ಚ್ 1ರಂದು ಶಾಲಾ ಕಟ್ಟಡಕ್ಕೆ ಶಿಲಾನ್ಯಾಸ. ಕಲ್ಲು ಇಟ್ಟದ್ದು ನವಾಬನಲ್ಲ, ಮಂತ್ರಿಯಲ್ಲ, ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ. ಇಂದು ನಮ್ಮ ಶಿಲಾಫಲಕಗಳ ಮೇಲೆ ಹೆಸರುಗಳಿಗೆ ಜಾಗ ಸಾಲದಿರುವುದನ್ನು ಕಂಡಾಗ ಆ ಮಗುವಿನ ನೆನಪಾಗುತ್ತದೆ. ಬರ್ಲಿನ್ನಿನ ಗೆಳತಿಯಾಗಿದ್ದ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಕೂಡ ಇಲ್ಲಿಗೆ ಬಂದು ಪುಟ್ಟ ಮಕ್ಕಳ ಪಾಲನೆ ವಹಿಸಿಕೊಂಡರು. ಮಕ್ಕಳು ಆಪಾಜಾನ್ ಎನ್ನುತ್ತಿದ್ದರು. 1943ರಲ್ಲಿ ತೀರಿಕೊಂಡ ಅವರ ಸಮಾಧಿ ಜಾಮಿಯಾದ ಖಬರ್‌ಸ್ಥಾನದಲ್ಲಿದೆ.

1942ರಲ್ಲಿ ಅಧ್ಯಾಪಕರ ಎರಡನೆಯ ತಂಡವೊಂದು ಅದೇ ಬಗೆಯ ಪ್ರತಿಜ್ಞೆ ಮಾಡಿತು. 1946ರ ನವೆಂಬರಿನಲ್ಲಿ ಬೆಳ್ಳಿಹಬ್ಬ ನಡೆದಾಗ ದೇಶವೆಲ್ಲ ಕೋಮುಗಲಭೆಯ ಬೆಂಕಿಯಲ್ಲಿತ್ತು. ನೆಹರೂ, ಮೌಲಾನಾ ಆಝಾದ್, ಜಿನ್ನಾ, ಲಿಯಾಕತ್ ಅಲಿ ಖಾನ್ ಒಂದೇ ವೇದಿಕೆಯಲ್ಲಿ ಕುಳಿತರು. ಎದುರಿನಲ್ಲಿ ನಿಂತ ಝಾಕಿರ್ ಸಾಹೇಬರು, ಯಾರು ಹಚ್ಚಿದರೆಂಬ ಚರ್ಚೆ ಬಿಟ್ಟು ಮೊದಲು ಬೆಂಕಿ ಆರಿಸಿ ಎಂದು ಅಂಗಲಾಚಿದರು. ಬೆಂಕಿ ಆರಲಿಲ್ಲ. ಮರುವರ್ಷ ಕರೋಲ್‌ಬಾಗ್‌ನಲ್ಲಿದ್ದ ಮಕ್ತಬಾದ ಪುಸ್ತಕ ದಾಸ್ತಾನು ಲೂಟಿಯಾಗಿ ಸುಟ್ಟು ಬೂದಿಯಾಯಿತು. ಕಷ್ಟಕಾಲದಲ್ಲಿ ಸಂಸ್ಥೆಗೆ ಆಸರೆಯಾಗಿದ್ದುದೇ ಅದು. ಝಾಕಿರ್ ಸಾಹೇಬರೂ ಜಲಂಧರ್ ರೈಲು ನಿಲ್ದಾಣದಲ್ಲಿ ಕೊಲೆಗಡುಕರ ಕೈಯಿಂದ ಕೂದಲೆಳೆಯಲ್ಲಿ ಪಾರಾದರು. ಸೆಪ್ಟೆಂಬರಿನಲ್ಲಿ ಗಾಂಧೀಜಿ ಓಖ್ಲಾಕ್ಕೆ ಬಂದು ಅಲ್ಲಿ ಆಶ್ರಯ ಪಡೆದಿದ್ದವರನ್ನು ಕಂಡು ಹೋದರು.

1948ರಲ್ಲಿ, ಪ್ರತಿಜ್ಞೆಯ ಇಪ್ಪತ್ತು ವರ್ಷ ತುಂಬಿದ ಮೇಲೆ, ಝಾಕಿರ್ ಹುಸೇನರು ಆಲಿಘರ್ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಗಳಾಗಿ ತೆರಳಿದರು. ಯಾವ ಆವರಣವನ್ನು ಬಿಟ್ಟು ಹೊರಬಂದಿದ್ದರೋ ಅಲ್ಲಿಗೇ. ಜಾಮಿಯಾದ ಹೊಣೆ ಮುಜೀಬ್ ಸಾಹೇಬರ ಮೇಲೆ ಬಿತ್ತು, 1973ರವರೆಗೂ ಅವರೇ ನಡೆಸಿದರು. ಸ್ವಂತ ಸರಕಾರ ಬಂದ ಮೇಲೆ ಅನುದಾನ ನಿಷಿದ್ಧವಾಗಿ ಉಳಿಯಲಿಲ್ಲ. 1962ರಲ್ಲಿ ಜಾಮಿಯಾಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ದೊರೆಯಿತು. ಅದೇ ವರ್ಷ ಝಾಕಿರ್ ಸಾಹೇಬರು ದೇಶದ ಉಪರಾಷ್ಟ್ರಪತಿಗಳಾದರು, 1967ರಲ್ಲಿ ರಾಷ್ಟ್ರಪತಿಗಳು. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ಅವರು ನಿಧನರಾದಾಗ, ಸಂಬಳವಿಲ್ಲದ ತಿಂಗಳುಗಳನ್ನು ಕಳೆದಿದ್ದ ಆ ಓಖ್ಲಾದ ಮಣ್ಣಿನಲ್ಲಿಯೇ ಅವರನ್ನು ದಫನ ಮಾಡಲಾಯಿತು.