ತೋಟದ ಗುಡಿಸಲೂ ಲೇಪಾಕ್ಷಿಯ ಲತಾಮಂಟಪವೂ

ಶಾಲೆಯ ಕೈತೋಟ ಎಂದರೆ ಗಿಡ ನೆಟ್ಟು ನೀರು ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಗುದ್ದಲಿ, ಕುಡುಗೋಲು, ನೀರಿನ ಕೊಡ, ಬಿತ್ತನೆ ಬೀಜ ಇವನ್ನೆಲ್ಲ ಎಲ್ಲಿಡುವುದು? ಹೀಗಾಗಿ ತೋಟದ ಮೂಲೆಯಲ್ಲಿ ತಗಡಿನ ಒಂದು ಸಣ್ಣ ಶೆಡ್ಡು ಎದ್ದಿತು. ನಾಲ್ಕು ಕಡೆ ತಗಡು, ಮೇಲೂ ತಗಡು. ಬೇಸಿಗೆ ಕಳೆದು ಮಳೆ ಬಂದಾಗ ಅದರಲ್ಲಿಟ್ಟಿದ್ದ ಅವರೆ, ಶೇಂಗಾ ಬೀಜ ತೆಗೆದು ಬಿತ್ತಿದೆವು. ಹತ್ತರಲ್ಲಿ ಎರಡೂ ಮೊಳೆಯಲಿಲ್ಲ. ತಗಡಿನ ಕಾವಿಗೆ ಬೀಜದ ಜೀವವೇ ಹೋಗಿತ್ತು. ಮಕ್ಕಳು ಪೆಚ್ಚುಮೋರೆ ಹಾಕಿಕೊಂಡು ನಿಂತರು. ತಪ್ಪು ನಮ್ಮದೇ.

ಆಗ ಕಲ್ಯಾಣದುರ್ಗದ ಕಡೆಯಿಂದ ಮೊಮ್ಮಗನನ್ನು ನೋಡಲು ಬಂದಿದ್ದ ಒಬ್ಬ ಅಜ್ಜ ನಕ್ಕು, “ಮೇಷ್ಟ್ರೇ, ನಮ್ಮ ಸೀಮೆಯ ಬಿಸಿಲಿಗೆ ತಗಡು ಯಾರಾದರೂ ಹಾಕುತ್ತಾರೆಯೇ? ತೊಲೆ ಹಾಕಿ, ಜಂತೆ ಹಾಕಿ, ಮೇಲೆ ಚೌಳು ಬಡಿಯಬೇಕಿತ್ತು” ಎಂದರು. ತೊಲೆ, ಜಂತೆ, ಚೌಳು... ಮಕ್ಕಳು ಮುಖ ಮುಖ ನೋಡಿಕೊಂಡರು. ಕೆಲವರಿಗೆ ಅವು ತೆಲುಗಿನಲ್ಲಿ ಗೊತ್ತಿದ್ದವು: ದೂಲಂ, ವಾಸಂ, ಚೌಡು. ಉಳಿದವರಿಗೆ ಎರಡರಲ್ಲೂ ಗೊತ್ತಿರಲಿಲ್ಲ. ಮನೆಗಳೆಲ್ಲ ಸಿಮೆಂಟಿನವಾದ ಮೇಲೆ ಆ ಮಾತುಗಳಿಗೆ ಕೆಲಸವೇ ಇಲ್ಲವಲ್ಲ! ಬೀಜ ಮೊಳೆಯದ ದುಃಖಕ್ಕಿಂತ ಇದು ನಮಗೆ ಹೆಚ್ಚು ನಾಟಿತು. ಹಾಗಾಗಿ ಹೊಸ ಶೆಡ್ಡು ಕಟ್ಟುವ ಮೊದಲು, ನಮ್ಮ ಗಡಿನಾಡಿನಲ್ಲಿ ತೋಟದ ಮನೆಗಳನ್ನು ಹೇಗೆ ಕಟ್ಟುತ್ತಿದ್ದರು, ಹೇಗೆ ಸಿಂಗರಿಸುತ್ತಿದ್ದರು ಎಂದು ಮಕ್ಕಳೊಡನೆ ಹುಡುಕಲು ಹೊರಟೆವು. ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹಿಂದೆ ನಮ್ಮ ಕಡೆ ತೋಟ ಎಂದರೆ ಬಾವಿ, ಬಾವಿ ಎಂದರೆ ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ತೊಗಲಿನ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ನಸುಕಿನಲ್ಲೇ ಕಪಿಲೆ ಹೊಡೆಯಬೇಕಾದ್ದರಿಂದ ರೈತ ರಾತ್ರಿ ತೋಟದಲ್ಲೇ ಮಲಗುತ್ತಿದ್ದ. ಹಗ್ಗ, ಬಾನಿ, ನೊಗ, ಮೇವು ಇಡಲು, ತಾನೂ ಮಲಗಲು ಬಾವಿಯ ಪಕ್ಕದಲ್ಲಿ ಒಂದು ಗುಡಿಸಲು. ಜೋಳದ ಹೊಲದಲ್ಲಿ ಗಿಳಿ ಹಕ್ಕಿ ಓಡಿಸಲು ನಾಲ್ಕು ಕಂಬದ ಮೇಲೆ ಅಟ್ಟಣೆ. ಕಪಿಲೆ ಹೋಗಿ ಪಂಪ್‌ಸೆಟ್ ಬಂದ ಮೇಲೆ ಅದೇ ಜಾಗದಲ್ಲಿ ಸ್ಟಾರ್ಟರ್ ಡಬ್ಬಿ ಇಡುವ ಮೋಟಾರು ಮನೆ ಎದ್ದಿತು. ಕೆಲಸ ಬದಲಾಯಿತು, ಜಾಗ ಬದಲಾಗಲಿಲ್ಲ.

ಕಟ್ಟುವ ರೀತಿಯಲ್ಲಿ ಮಾತ್ರ ಸೀಮೆಯಿಂದ ಸೀಮೆಗೆ ವ್ಯತ್ಯಾಸ. ಕಲ್ಯಾಣದುರ್ಗ, ರಾಯದುರ್ಗದ ಕಡೆ ಮಾಳಿಗೆ. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಇಷ್ಟು ಕಡಿಮೆ ಮಳೆಗೆ ಕಡಿದಾದ ಇಳಿಜಾರು ಸೂರು ಬೇಕಿಲ್ಲ, ಮಟ್ಟಸವಾದ ಮಣ್ಣಿನ ಸೂರೇ ಸಾಕು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಅದರ ಮೇಲೆ ಒತ್ತಾಗಿ ಕಡ್ಡಿ ಸೊಪ್ಪು, ಆಮೇಲೆ ಕಲಸಿದ ಮಣ್ಣು, ಕೊನೆಗೆ ಚೌಳು ಮಣ್ಣು. ಬೆಳೆ ಬಾರದ ಚೌಳು ನೆಲವನ್ನು ರೈತ ಶಪಿಸುತ್ತಾನೆ. ಆದರೆ ಸೂರಿಗೆ ಅದೇ ಬೇಕು! ಅದರಲ್ಲಿರುವ ಸೋಡಿಯಂ ಲವಣದಿಂದಾಗಿ ಮೊದಲ ಹನಿ ಬಿದ್ದೊಡನೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಮೇಲೇ ಹರಿದು ದೋಣಿಯಿಂದ ಹೊರಗೆ ಬೀಳುತ್ತದೆ. ಹೊಲದಲ್ಲಿ ಬೇರಿಗೆ ನೀರು ಬಿಡದ ಗುಣವೇ ಮನೆಯಲ್ಲಿ ತಲೆ ಕಾಯುತ್ತದೆ. ಮಳೆಗಾಲಕ್ಕೆ ಮೊದಲು ವರ್ಷವೂ ಹೊಸ ಚೌಳು ಹಾಕಬೇಕು, ಅಷ್ಟೇ. ದಪ್ಪ ಮಣ್ಣಿನಿಂದಾಗಿ ಬೇಸಿಗೆಯಲ್ಲೂ ಒಳಗೆ ತಂಪು. ನಮ್ಮ ಬೀಜ ಅಲ್ಲಿದ್ದಿದ್ದರೆ ಉಳಿಯುತ್ತಿತ್ತು.

ಹಿಂದೂಪುರದ ಕಡೆ ಬಂದರೆ ಕಲ್ಲು. ಗ್ರಾನೈಟ್ ಬಂಡೆಯನ್ನು ಸೀಳಿ ತೆಗೆದ ಕೂಚಗಳು ಬೇಲಿಗೂ ಆದವು, ಗುಡಿಸಲ ಕಂಬಕ್ಕೂ ಆದವು. ಚಪ್ಪಡಿ ನಿಲ್ಲಿಸಿದರೆ ಗೋಡೆ, ಮಲಗಿಸಿದರೆ ಸೂರು. ಗೆದ್ದಲಿನ ಭಯವಿಲ್ಲ.

ಈ ಕಲ್ಲಿನ ಕೆಲಸ ನಿನ್ನೆ ಮೊನ್ನೆಯದಲ್ಲ. ಮಡಕಶಿರಾದ ಕಡೆಯ ಹೇಮಾವತಿ ನೊಳಂಬರ ರಾಜಧಾನಿ. ಆಗ ಅದರ ಹೆಸರು ಹೆಂಜೇರು. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿನ ಶಿಲ್ಪಿಗಳು ಕಪ್ಪು ಕಲ್ಲಿನಲ್ಲಿ ಕಿಟಕಿ ಕೊರೆದರು. ಬಳ್ಳಿಯ ಸುರುಳಿಗಳು, ಸುರುಳಿಯೊಳಗೆ ಪುಟ್ಟ ಮೂರ್ತಿಗಳು, ನಡುನಡುವೆ ಗಾಳಿ ಬೆಳಕಿಗೆ ತೂತು. ಇದನ್ನು ಜಾಲಂಧ್ರ ಎನ್ನುತ್ತಾರೆ. ನಮ್ಮ ಗುಡಿಸಲಿನ ಬಿದಿರು ತಡಿಕೆ ಮಾಡುವ ಕೆಲಸವೂ ಅದೇ ಅಲ್ಲವೇ? ಗಾಳಿ ಬರಬೇಕು, ಹಂದಿ ನಾಯಿ ಬರಬಾರದು.

ಮಕ್ಕಳನ್ನು ಕರೆದುಕೊಂಡು ಲೇಪಾಕ್ಷಿಗೂ ಹೋಗಿಬಂದೆವು. ಹಿಂದೂಪುರದಿಂದ ಸುಮಾರು 14 ಕಿಲೋಮೀಟರ್. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1530ರ ದಶಕದಲ್ಲಿ, ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅದು. ಹೋದವರೆಲ್ಲ ತೂಗುವ ಕಂಬದ ಅಡಿ ಬಟ್ಟೆ ತೂರಿಸಿ, ದೊಡ್ಡ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಂಡು ಬಂದುಬಿಡುತ್ತಾರೆ. ನಾವು ಹೋದದ್ದು ಲತಾಮಂಟಪ ನೋಡಲು.

ಲತಾಮಂಟಪ ಎಂದರೆ ಬಳ್ಳಿಯ ಚಪ್ಪರ. ತೋಟದಲ್ಲಿ ನಾಲ್ಕು ಗಳ ನೆಟ್ಟು ಮಲ್ಲಿಗೆಯನ್ನೋ ಅವರೆಯನ್ನೋ ಹಬ್ಬಿಸಿದರೆ ಆಗುವುದು ಅದೇ. ಇಲ್ಲಿ ಮಾತ್ರ ಬಳ್ಳಿ ಕಂಬದ ಮೇಲೆಯೇ ಕಲ್ಲಾಗಿ ಹಬ್ಬಿದೆ. ಕಂಬದ ಮುಖಗಳಲ್ಲಿ ಚೌಕ ಚೌಕವಾಗಿ ಹೂವು, ಬಳ್ಳಿ, ಹಕ್ಕಿ, ಹೆಣೆದ ಗೆರೆಗಳ ಚಿತ್ತಾರ. ಒಂದರಂತೆ ಇನ್ನೊಂದಿಲ್ಲ ಎನ್ನುವಷ್ಟು ಬಗೆ. ಸೀರೆಯ ಅಂಚಿಗೆ ಲೇಪಾಕ್ಷಿ ಚಿತ್ತಾರ ಎಂದು ನೇಯುವುದು ಇವನ್ನು ನೋಡಿಯೇ. ನಮ್ಮ ಹುಡುಗಿಯರು ಚುಕ್ಕಿ ಎಣಿಸಿ, “ಸಾರ್, ಇದು ರಂಗೋಲಿ!” ಎಂದು ಕೂಗಿದರು. ನಾವು ಇದನ್ನು ನಮಗಿಂತ ಮೊದಲೇ ಅವರು ಕಂಡುಹಿಡಿದರಲ್ಲ ಎಂದು ಸುಮ್ಮನಾದೆವು.

ಪಕ್ಕದ ಕಲ್ಯಾಣಮಂಟಪ ಪೂರ್ತಿಯಾಗಲೇ ಇಲ್ಲ, ಅದಕ್ಕೆ ಇಂದಿಗೂ ಸೂರಿಲ್ಲ. ರಾಜನ ಕೋಪಕ್ಕೆ ಗುರಿಯಾದ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದ ಎಂದು ಜನ ಹೇಳುವ ಕತೆಯಿದೆ. ಮಹಾಮಂಟಪದ ಮಾಳಿಗೆಯ ಚಿತ್ರಗಳನ್ನು ನೋಡಿದಾಗ ನಮಗೆ ಹೊಳೆದದ್ದು ಇನ್ನೊಂದು ವಿಷಯ. ಆ ಬಣ್ಣಗಳು ಯಾವುವು? ಸುಣ್ಣದ ಬಿಳುಪು, ಕಾವಿಯ ಕೆಂಪು, ಹಳದಿ ಮಣ್ಣು, ಕಾಡಿಗೆಯ ಕಪ್ಪು. ಹಬ್ಬಕ್ಕೆ ನಮ್ಮ ಅಜ್ಜಿಯರು ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣು ಸಾರಿಸಿ ಪಟ್ಟೆ ಎಳೆಯುತ್ತಿದ್ದದ್ದೂ ಇದೇ ಮಣ್ಣು, ಇದೇ ಸುಣ್ಣದಲ್ಲಿ. ದೊಡ್ಡ ದೇವಾಲಯಕ್ಕೂ ತೋಟದ ಗುಡಿಸಲಿಗೂ ಬಣ್ಣದ ಅಂಗಡಿ ಒಂದೇ, ಅದು ನಮ್ಮ ನೆಲ.

ಹೊರಗಿನ ಗೋಡೆಯ ಮೇಲೆ ಶಾಸನಗಳಿವೆ, ಹಳಗಾಲದ ಕನ್ನಡ ಅಕ್ಷರಗಳಲ್ಲಿ. ಆರನೇ ತರಗತಿಯ ಹುಡುಗನೊಬ್ಬ ಬೆರಳಿಡದೆ ದೂರದಿಂದಲೇ ಒಂದೊಂದೇ ಅಕ್ಷರ ಗುರುತಿಸುತ್ತ ಹೋದ. ಎಲ್ಲವೂ ತಿಳಿಯಲಿಲ್ಲ. ಆದರೆ “ಇದು ನಮ್ಮ ಅಕ್ಷರ” ಎಂದು ತಿರುಗಿ ನೋಡಿದ ಅವನ ಮುಖ ನಮಗೆ ಮರೆಯದು.

ಇನ್ನು ನಮ್ಮ ಕಾಲದ ತೋಟದ ಶೆಡ್ಡು ಎಂದರೆ ಹಿಂದೂಪುರದ ರೇಷ್ಮೆ ಸಾಕಣೆ ಮನೆ. ಮೊದಲು ವಾಸದ ಮನೆಯಲ್ಲೇ ಹುಳು ಸಾಕುತ್ತಿದ್ದರು. 1980ರಲ್ಲಿ ಕರ್ನಾಟಕದಲ್ಲಿ ಊಜಿ ನೊಣ ಕಾಣಿಸಿಕೊಂಡ ಮೇಲೆ ಕಿಟಕಿ ಬಾಗಿಲಿಗೆಲ್ಲ ಬಲೆ ಬೇಕಾಯಿತು. ಹಿಪ್ಪುನೇರಳೆ ತೋಟದಲ್ಲೇ ಬೇರೆ ಶೆಡ್ಡು ಕಟ್ಟುವುದು ಹೆಚ್ಚಿತು. ಹುಳುವಿಗೆ ಸುಮಾರು 24ರಿಂದ 28 ಡಿಗ್ರಿ ಉಷ್ಣಾಂಶ ಬೇಕು. ಹಾಗಾಗಿ ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕೆ, ಕಿಟಕಿಗಳು ಉತ್ತರ ದಕ್ಷಿಣಕ್ಕೆ ಎದುರುಬದುರು, ಸುತ್ತ ನೆರಳಿನ ಮರ. ಬಿಸಿಲು ಕಿರಿದಾದ ಗೋಡೆಗೆ ಬೀಳಲಿ, ಗಾಳಿ ಅಗಲವಾದ ಗೋಡೆಯಿಂದ ಬರಲಿ ಎಂಬ ಲೆಕ್ಕ. ತಗಡು ಹಾಕಿದವರು ಅದರ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ನಾವು ಕಟ್ಟಿದ್ದು ಹತ್ತು ಅಡಿಗೆ ಎಂಟು ಅಡಿಯ ಶೆಡ್ಡು. ಹಿಂದೂಪುರದ ಕೂಚ, ಚಪ್ಪಡಿ. ಕಲ್ಯಾಣದುರ್ಗದ ತೊಲೆ, ಜಂತೆ, ಚೌಳು. ಅಜ್ಜ ಕಂಬದ ಪಕ್ಕ ಕುಳಿತು ಹೇಳುತ್ತಿದ್ದರು, ಊರಿನವರು ಕೆಲಸ ಮಾಡಿದರು. ಉತ್ತರಕ್ಕೊಂದು ದಕ್ಷಿಣಕ್ಕೊಂದು ತಡಿಕೆ ಕಿಟಕಿ. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು. ಲತಾಮಂಟಪದಲ್ಲಿ ಬರೆದುಕೊಂಡು ಬಂದ ಚೌಕಗಳನ್ನು ಒಬ್ಬೊಬ್ಬ ಮಗುವೂ ಒಂದೊಂದರಂತೆ ಗೋಡೆಗೆ ತುಂಬಿತು. ಕೊನೆಗೆ ಪ್ರತಿ ಭಾಗದ ಮೇಲೂ ಅದರ ಹೆಸರು ಬರೆಸಿದೆವು: ಕಂಬ, ತೊಲೆ, ಜಂತೆ, ತಡಿಕೆ, ಹೊಸ್ತಿಲು. ಕೆಳಗೆ ತೆಲುಗಿನಲ್ಲೂ ಬರೆಯೋಣ ಎಂದು ಮಕ್ಕಳೇ ಹೇಳಿದರು. ಬರೆದರು.

ನಮ್ಮ ನೆಲದ ಗೆರೆಗಳು ಎಷ್ಟು ಸಲ ಬದಲಾಗಿವೆ! 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ನಾವು ಆಂಧ್ರ ರಾಜ್ಯಕ್ಕೆ ಸೇರಿದೆವು, ಬಳ್ಳಾರಿ ಮೈಸೂರಿಗೆ ಹೋಯಿತು. 2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ಕಲ್ಯಾಣದುರ್ಗ ಅನಂತಪುರದಲ್ಲಿ. ಈ ಗೆರೆಗಳನ್ನು ನಾವು ಎಳೆಯಲಿಲ್ಲ, ಅಳಿಸಲೂ ಆಗದು. ಆದರೆ ಜಂತೆ ಎಂಬ ಮಾತು ನಮ್ಮ ಮಗುವಿಗೆ ಗೊತ್ತಿರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲೇ ಇದೆ.

ಈ ಸಲ ಶೇಂಗಾ ಬೀಜವನ್ನು ಸುಲಿಯದೆ, ಸಿಪ್ಪೆಯೊಂದಿಗೇ ಮಡಕೆಯಲ್ಲಿ ತುಂಬಿ ಒಳಗಿಟ್ಟಿದ್ದೇವೆ. ಮಳೆ ಬರಲಿ, ನೋಡೋಣ. ನಿಮ್ಮ ಶಾಲೆಯ ಅಂಗಳದಲ್ಲೂ ಇಂಥದ್ದೊಂದು ಕಟ್ಟುವುದಾದರೆ, ಮೊದಲು ನಿಮ್ಮೂರಿನ ಒಬ್ಬ ಅಜ್ಜನನ್ನು ಕೇಳಿ.