ಭಂಗಿಯ ಗಿಡವೂ ಸರ್ಕಾರದ ಶಾಸನವೂ

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟು, ಹುಣಸೂರನ್ನು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವವರಿಗೆ ಮಳೆಗಾಲದಲ್ಲಿ ರಸ್ತೆಯ ಎರಡು ಪಕ್ಕಗಳಲ್ಲಿಯೂ ಹೊಗೆಸೊಪ್ಪಿನ ಹೊಲಗಳೂ, ಅದನ್ನು ಬಿಸಿಗಾಳಿಯಲ್ಲಿ ಹದಮಾಡುವ ಎತ್ತರವಾದ ಬ್ಯಾರನ್ನುಗಳೂ ಕಾಣುತ್ತವೆ. ಈ ಬೆಳೆಯನ್ನು ಇಡುವ ರೈತನು 1975ರ ಶಾಸನದಂತೆ ತಂಬಾಕು ಮಂಡಳಿಯಲ್ಲಿ ಹೆಸರನ್ನು ನೋಂದಾಯಿಸಿ, ಬ್ಯಾರನ್ನಿಗೆ ಲೈಸೆನ್ಸನ್ನು ಪಡೆದು, ಮಾಲನ್ನು ಮಂಡಳಿಯ ಹರಾಜುಕಟ್ಟೆಗೆ ತರತಕ್ಕದ್ದು. ಅದೇ ಹೊಲದ ಸಾಲುಗಳ ನಡುವೆ ಭಂಗಿಯ ಗಿಡ ನಾಲ್ಕು ಎದ್ದರೆ ಅವನು ನಿಲ್ಲಬೇಕಾದದ್ದು ಸೆಷನ್ಸ್ ನ್ಯಾಯಾಲಯದ ಕಟಕಟೆಯಲ್ಲಿ. ಎರಡೂ ಸೊಪ್ಪುಗಳೇ, ಎರಡೂ ಚಟವನ್ನು ಹತ್ತಿಸತಕ್ಕವೇ. ಒಂದಕ್ಕೆ ಹರಾಜೂ ಇನ್ನೊಂದಕ್ಕೆ ಸೆರೆಮನೆಯೂ ಹೇಗೆ ಗೊತ್ತಾದುವೆಂಬುದನ್ನು ವಿಚಾರಿಸುವುದು ನಮ್ಮ ಈ ಹೊತ್ತಿನ ಉದ್ದೇಶ.

ಭಂಗಿ ನಮ್ಮ ದೇಶಕ್ಕೆ ಹೊಸದಲ್ಲ. ವೈದ್ಯರು ಇದನ್ನು ಔಷಧಗಳಲ್ಲಿ ಬಳಸಿದರು. ಬೈರಾಗಿಗಳು ಚಿಲುಮೆಯಲ್ಲಿ ಸೇದಿದರು. ಉತ್ತರದ ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಅದು ಪ್ರಸಾದವಾಗಿಯೂ ಸಲ್ಲುತ್ತಿದ್ದಿತು. ಗಿಡವೊಂದೇ ಆದರೂ ಅದರ ಎಲೆಗೆ ಭಂಗಿಯೆಂದೂ, ಹೂವಿನ ತೆನೆಗೆ ಗಾಂಜಾ ಎಂದೂ, ಅಂಟಿಗೆ ಚರಸ್ಸೆಂದೂ ಬೇರೆ ಬೇರೆ ಹೆಸರುಗಳು. ಈ ಭೇದವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಮನುಷ್ಯರ ಬಿಡುಗಡೆ ಬಂಧನಗಳು ಇದರ ಮೇಲೆಯೇ ನಿಲ್ಲುತ್ತವೆ.

1893ರಲ್ಲಿ ಬ್ರಿಟಿಷ್ ಸರ್ಕಾರದವರು ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಭಂಗಿ ಗಾಂಜಾಗಳ ವಿಷಯವಾಗಿ ಒಂದು ಕಮಿಷನ್ನನ್ನು ನೇಮಿಸಿದರು. ಗಾಂಜಾ ಸೇದಿದವರಿಂದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ದೂರು ಆಗ ಪಾರ್ಲಿಮೆಂಟಿನವರೆಗೂ ಹೋಗಿದ್ದಿತು. ಕಮಿಷನ್ನಿನವರು 1,193 ಮಂದಿ ಸಾಕ್ಷಿಗಳ ಹೇಳಿಕೆಯನ್ನು ಪಡೆದರು. ಅಷ್ಟಕ್ಕೇ ನಿಲ್ಲದೆ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಲ್ಲಿ ಗಾಂಜಾವೇ ಕಾರಣವೆಂದು ಬರೆದಿದ್ದ ಅನೇಕ ಪ್ರಕರಣಗಳಿಗೆ ಆಧಾರವೇ ಇಲ್ಲವೆಂದು ಕಂಡುಕೊಂಡರು. ಮಿತವಾದ ಬಳಕೆಯಿಂದ ಹೇಳತಕ್ಕಷ್ಟು ಕೇಡಿಲ್ಲ, ಅತಿಯಾದರೆ ಕೇಡುಂಟು, ಪೂರ್ತಿಯಾದ ನಿಷೇಧವು ಅವಶ್ಯವೂ ಅಲ್ಲ ಯುಕ್ತವೂ ಅಲ್ಲ ಎಂದು ಅವರ ತೀರ್ಮಾನ. ಸಾಗುವಳಿಗೆ ಲೈಸೆನ್ಸು, ಮಾರಾಟಕ್ಕೆ ತೆರಿಗೆ: ಇಷ್ಟೇ ಸಾಕೆಂದರು. ಬೊಕ್ಕಸಕ್ಕೆ ಹಿತವಾದ ಮಾತು ವಿಜ್ಞಾನಕ್ಕೂ ಒಪ್ಪಿಗೆಯಾದದ್ದು ಆ ಸರ್ಕಾರದ ಅದೃಷ್ಟವೆಂದು ನಮಗೆ ತೋರುತ್ತದೆ. ಆದರೂ ಅಷ್ಟು ತಾಳ್ಮೆಯಿಂದ ನಡೆದ ವಿಚಾರಣೆ ಈ ವಿಷಯದಲ್ಲಿ ಮತ್ತೆ ನಡೆದದ್ದು ಅಪೂರ್ವ.

ಮೈಸೂರಿನ ಅಬಕಾರಿ ಶಾಸನವು 1901ರದು, ಎಂದರೆ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲದ್ದು. ಹೆಂಡ, ಸಾರಾಯಿ, ಅಫೀಮುಗಳ ಜೊತೆಗೆ ಗಾಂಜಾವೂ ಅಬಕಾರಿಯ ಬಾಬುಗಳಲ್ಲಿ ಒಂದಾಗಿದ್ದಿತು. ಲೈಸೆನ್ಸಿಲ್ಲದೆ ಮಾರಿದವನು ಮುಖ್ಯವಾಗಿ ಸರ್ಕಾರದ ಹಾಸಿಲಿಗೆ ಮೋಸಮಾಡಿದವನು. ಅಂದಿನ ತಪ್ಪಿನ ಸ್ವರೂಪವೇ ಅದು.

ಈ ಸ್ವರೂಪ ಬದಲಾದದ್ದು ಹೊರಗಿನಿಂದ. 1925ರ ಜಿನೀವಾ ಒಡಂಬಡಿಕೆಯಲ್ಲಿ ಈಜಿಪ್ಟಿನ ಪ್ರತಿನಿಧಿಗಳ ಒತ್ತಾಯದಿಂದ ಗಾಂಜಾವೂ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿತು. 1930ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಅಪಾಯಕರ ಮಾದಕವಸ್ತುಗಳ ಕಾಯಿದೆ ಬಂದಿತು. 1961ರ ಒಡಂಬಡಿಕೆಯಲ್ಲಿ ಔಷಧಕ್ಕಲ್ಲದ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ವಾಯಿದೆಯನ್ನು ಕೊಟ್ಟರು. ವಾಯಿದೆ ತೀರುತ್ತ ಬಂದಾಗ, 1985ರ ನವೆಂಬರ್ 14ರಿಂದ, ವಕೀಲರು ಎನ್.ಡಿ.ಪಿ.ಎಸ್. ಎಂದು ಕರೆಯುವ ಕಾಯಿದೆ ಜಾರಿಗೆ ಬಂದಿತು.

ದಂಡನೆಯ ಕ್ರಮ ಹೀಗಿದೆ. ಗಾಂಜಾ ಒಂದು ಕಿಲೋವಿಗಿಂತ ಕಡಮೆ ಸಿಕ್ಕಿದರೆ ಅಲ್ಪ ಪ್ರಮಾಣ. ಒಂದು ವರ್ಷದವರೆಗೆ ಸಜೆ, ಇಲ್ಲವೆ 10,000 ರೂಪಾಯಿನವರೆಗೆ ಜುಲ್ಮಾನೆ, ಇಲ್ಲವೆ ಎರಡೂ. 2014ರವರೆಗೆ ಈ ಸಜೆ ಆರೇ ತಿಂಗಳಿದ್ದಿತು. 20 ಕಿಲೋ ಮೀರಿದರೆ ವ್ಯಾಪಾರದ ಪ್ರಮಾಣ. ಹತ್ತು ವರ್ಷಕ್ಕೆ ಕಡಮೆಯಿಲ್ಲದೆ ಇಪ್ಪತ್ತರವರೆಗೆ ಕಠಿನ ಶಿಕ್ಷೆ, ಒಂದರಿಂದ ಎರಡು ಲಕ್ಷ ರೂಪಾಯಿ ಜುಲ್ಮಾನೆ, ಜಾಮೀನು ಬಲು ಕಷ್ಟ. ನಡುವಣ ತೂಕಕ್ಕೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ಜುಲ್ಮಾನೆ. ಈ ಮೂರು ಮೆಟ್ಟಿಲುಗಳನ್ನು ಇಟ್ಟದ್ದು 2001ರ ತಿದ್ದುಪಡಿ.

ಆದರೆ ಗಿಡವನ್ನು ಬೆಳೆಸಿದವನಿಗೆ ಮೆಟ್ಟಿಲುಗಳಿಲ್ಲ. ಹಿತ್ತಲಿನ ಒಂದು ಗಿಡಕ್ಕೂ ಎಕರೆಯ ತೋಟಕ್ಕೂ ಒಂದೇ ಗರಿಷ್ಠ ಶಿಕ್ಷೆ: ಹತ್ತು ವರ್ಷ, ಒಂದು ಲಕ್ಷ ರೂಪಾಯಿ. 1985ರಲ್ಲಿ ಇದು ಐದು ವರ್ಷ, 50,000 ರೂಪಾಯಿ ಆಗಿದ್ದಿತು. ಕೆಳಮಿತಿ ಇಲ್ಲದ ಕಾರಣ ನ್ಯಾಯಾಧೀಶರ ವಿವೇಚನೆಗೆ ಅವಕಾಶವಿದೆಯೆಂಬುದು ನಿಜ. ಆದರೆ ವಿಚಾರಣೆ ಮುಗಿಯುವ ಮೊದಲೇ ಸೆರೆಯಲ್ಲಿ ಕಳೆದ ದಿನಗಳನ್ನು ಯಾವ ವಿವೇಚನೆಯೂ ಹಿಂದಕ್ಕೆ ಕೊಡಲಾರದು. ತೂಕದ ಜಗಳವೂ ಒಂದುಂಟು. ಕಾಯಿದೆಯ ಲಕ್ಷಣದಂತೆ ಗಾಂಜಾ ಎಂದರೆ ಹೂವು ಕಾಯಿಗಳ ತೆನೆ. ತೆನೆಯಿಂದ ಬೇರೆಯಾದ ಎಲೆಯೂ ಬೀಜವೂ ಅದರಲ್ಲಿ ಸೇರವು. ಕಿತ್ತ ಗಿಡವನ್ನು ಬೇರು, ಕಾಂಡ, ಎಲೆಗಳ ಸಮೇತ ತಕ್ಕಡಿಗೆ ಹಾಕಿದರೆ ಬಡವನ ಅಲ್ಪ ಪ್ರಮಾಣ ವ್ಯಾಪಾರದ ಪ್ರಮಾಣವಾಗಿ ಬೆಳೆಯುತ್ತದೆ. ಈ ಪ್ರಶ್ನೆ ಹೈಕೋರ್ಟುಗಳ ಮುಂದೆ ಮತ್ತೆ ಮತ್ತೆ ಬಂದಿದೆ. 2022ರಲ್ಲಿ ನಮ್ಮ ಹೈಕೋರ್ಟು ಜಾಮೀನಿನ ಒಂದು ಅರ್ಜಿಯಲ್ಲಿ, ಭಂಗಿಯು ಈ ಕೇಂದ್ರ ಕಾಯಿದೆಯ ಗಾಂಜಾ ಅಲ್ಲವೆಂದು ಹೇಳಿತು. ಹಾಗೆಂದು ಭಂಗಿ ಸ್ವತಂತ್ರವಾಯಿತೆಂದು ಯಾರೂ ತಿಳಿಯಬಾರದು. ರಾಜ್ಯದ 1965ರ ಅಬಕಾರಿ ಕಾಯಿದೆ ಅದನ್ನೂ ಮಾದಕ ವಸ್ತುವೆಂದೇ ಎಣಿಸುತ್ತದೆ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಹೆಗ್ಗಡದೇವನಕೋಟೆಯ ಹೊಲಗಳು ನಾಗರಹೊಳೆಯ ಕಾಡಿನ ಅಂಚನ್ನು ಮುಟ್ಟುತ್ತವೆ. ಬಾವಲಿಯ ಗಡಿಕಟ್ಟೆಯಿಂದಾಚೆಗೆ ಕೇರಳದ ವಯನಾಡು. ಹಿಂದೆ ಎಡತೊರೆಯ ಸೀಮೆಯೆನಿಸಿದ್ದ ಕೃಷ್ಣರಾಜನಗರ ಮಾತ್ರ ಕಾವೇರಿಯ ನಾಲೆಗಳ ಭತ್ತದ ನಾಡು. ಅಲ್ಲಿಯ ಗದ್ದೆಯ ಬಯಲಿನಲ್ಲಿ ಗಿಡವನ್ನು ಮರೆಸುವುದು ಸುಲಭವಲ್ಲ. ಉಳಿದ ಮೂರು ತಾಲ್ಲೂಕುಗಳಲ್ಲಿ ಆಳೆತ್ತರದ ಜೋಳವೂ ಒತ್ತಾದ ಶುಂಠಿಯೂ ಉಂಟು. ಶುಂಠಿಯ ಸಾಗುವಳಿಗೆ ಕೇರಳದಿಂದ ಬಂದವರಿಗೆ ಜಮೀನನ್ನು ವರ್ಷದ ಗುತ್ತಿಗೆಗೆ ಕೊಟ್ಟು, ಮಾಲೀಕನು ಊರಿನಲ್ಲಿಯೋ ಮೈಸೂರಿನಲ್ಲಿಯೋ ಇದ್ದುಬಿಡುವುದು ಇಲ್ಲಿಯ ರೂಢಿ. ನಮ್ಮ ಶ್ರೋತೃಗಳಲ್ಲಿಯೂ ಅಂಥ ಮಾಲೀಕರು ಇರಬಹುದು.

ಅವರು ಅರಿಯಬೇಕಾದ ವಿಧಿಗಳು ಮೂರು ಇವೆ. ತನ್ನ ಸ್ಥಳವನ್ನು ಇಂಥ ಕೃತ್ಯಕ್ಕೆ ತಿಳಿದೂ ತಿಳಿದೂ ಬಿಟ್ಟುಕೊಟ್ಟವನು 25ನೆಯ ಪ್ರಕರಣದಂತೆ ಕೃತ್ಯ ಮಾಡಿದವನಷ್ಟೇ ಶಿಕ್ಷಾರ್ಹ. ತನ್ನ ಜಮೀನಿನಲ್ಲಿ ಗಿಡವೆದ್ದಿರುವುದನ್ನು ಕಂಡ ಹಿಡುವಳಿದಾರನು ಕೂಡಲೆ ಪೋಲೀಸಿಗೋ ಸಂಬಂಧಪಟ್ಟ ಇಲಾಖೆಯ ಅಧಿಕಾರಿಗೋ ತಿಳಿಸತಕ್ಕದ್ದೆಂದು 46ನೆಯ ಪ್ರಕರಣ ವಿಧಿಸುತ್ತದೆ. ಬುದ್ಧಿಪೂರ್ವಕವಾಗಿ ಸುಮ್ಮನಿದ್ದರೆ ಆ ಮೌನವೇ ಅಪರಾಧ. 47ನೆಯದು ಇದೇ ಹೊಣೆಯನ್ನು ಗ್ರಾಮದ ಅಧಿಕಾರಿಗಳ ಮೇಲೂ ಪಂಚರ ಮೇಲೂ ಹೊರಿಸುತ್ತದೆ. ಹಿಂದೆ ಹೊಲದಲ್ಲಿ ಏನು ಬೆಳೆಯಿದೆಯೆಂಬುದನ್ನು ಶಾನುಭೋಗನು ಪಹಣಿಯಲ್ಲಿ ಬರೆಯುತ್ತಿದ್ದನು. 1961ರ ಕಾಯಿದೆಯಿಂದ ಪರಂಪರೆಯ ಶಾನುಭೋಗಿಕೆಯೂ ಪಟೇಲಿಕೆಯೂ ಹೋದುವು. ಪಹಣಿಯಲ್ಲಿ ಬೆಳೆಯ ಕಲಮು ಈಗಲೂ ಇದೆ, ಶುಂಠಿಯೆಂದು ಬರೆದ ಹೊಲದ ಒಳಸಾಲಿನವರೆಗೆ ನಡೆದು ನೋಡಿ ಬರುವ ಕೆಲಸ ಮಾತ್ರ ಮಾಲೀಕನ ಪಾಲಿಗೆ ಬಂದಿದೆ.